ಊಟಕ್ಕೆ ಮೊದಲೇ ಎದ್ದು ಹೋದವರು: ಮೈಸೂರಿನ ವಿಜ್ಞಾನ ಕಥಾ ಸಮಾವೇಶವೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ನಮ್ಮ ಕಣ್ಣಿಗೆ ಬಿದ್ದದ್ದು ಊಟದ ಕೂಪನ್ನುಗಳ ಡಬ್ಬಿಯಲ್ಲಿ. ಎರಡು ದಿನಗಳ ಸಮಾವೇಶ ಮುಗಿದ ಮರುದಿನ, ಅಡುಗೆಯವರಿಗೆ ಸಲ್ಲಬೇಕಾದ ಹಣವನ್ನು ಲೆಕ್ಕ ಹಾಕಲು ನಾವು ನಾಲ್ಕು ಮಂದಿ ಕುಳಿತಿದ್ದೆವು. ಮೊದಲ ದಿನ ಬೆಳಿಗ್ಗೆ ಹಂಚಿದ ಕೂಪನ್ನುಗಳಿಗೂ ಮಧ್ಯಾಹ್ನ ಡಬ್ಬಿಗೆ ಬಿದ್ದ ಕೂಪನ್ನುಗಳಿಗೂ ತಾಳೆಯಾಗಲಿಲ್ಲ. ಕೂಪನ್ನುಗಳ ಮೇಲೆ ಕ್ರಮಸಂಖ್ಯೆ ಇದ್ದುದರಿಂದ ಬಾರದವುಗಳನ್ನು ಗುರುತು ಮಾಡಿಕೊಂಡು ನೋಂದಣಿ ಪುಸ್ತಕದೊಡನೆ ಹೋಲಿಸಿ ನೋಡಿದಾಗ, ಊಟ ಮಾಡದೆ ಹೊರಟುಹೋದವರಲ್ಲಿ ಹೆಚ್ಚಿನವರು ‘ಮೊದಲ ಸಲ ಬರುತ್ತಿದ್ದೇನೆ’ ಎಂಬ ಅಂಕಣದಲ್ಲಿ ಗುರುತು ಹಾಕಿದವರೇ ಎಂಬುದು ಗೊತ್ತಾಯಿತು. ಶುಲ್ಕ ಕೊಟ್ಟು, ಮಂಡ್ಯ, ಮದ್ದೂರು, ನಂಜನಗೂಡುಗಳಿಂದ ಬೆಳಗಿನ ಬಸ್ಸು ಹಿಡಿದು ಬಂದು, ಊಟದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹಿಂದಿರುಗಿದ ಈ ಹೊಸಬರು ನಮ್ಮಲ್ಲಿ ಏನನ್ನು ಕಂಡು, ಅಥವಾ ಏನನ್ನು ಕಾಣದೆ, ಹೊರಟುಹೋದರು ಎಂಬುದೇ ಈ ಅಧ್ಯಯನದ ವಿಷಯ. ಆ ವರ್ಷ ಕಾರ್ಯಕ್ರಮಗಳನ್ನು ಜೋಡಿಸಿದ ಹೊಣೆ ನನ್ನದಾಗಿತ್ತು. ಆದ್ದರಿಂದ ಇಲ್ಲಿ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ನನ್ನ ಕೈಯಿಂದಲೇ ಆದವು.

ಹಿನ್ನೆಲೆ

ಓದುಗರೇ ಸೇರಿ, ಸಂಬಳವಿಲ್ಲದೆ, ತಮ್ಮ ಪ್ರೀತಿಯ ಸಾಹಿತ್ಯಕ್ಕಾಗಿ ಸಮಾವೇಶ ನಡೆಸುವುದು ವಿಜ್ಞಾನ ಕಥೆಗಳ ಲೋಕದಲ್ಲಿ ಬಹಳ ಹಳೆಯ ಪದ್ಧತಿ. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ ಇಂಥ ಕಥೆಗಳಿಗೆಂದೇ ಮಾಸಪತ್ರಿಕೆಯೊಂದನ್ನು ಆರಂಭಿಸಿದರು. ಅದರಲ್ಲಿ ಓದುಗರ ಪತ್ರಗಳ ಜೊತೆಗೆ ಬರೆದವರ ವಿಳಾಸವೂ ಅಚ್ಚಾಗುತ್ತಿತ್ತು. ಆ ವಿಳಾಸಗಳ ಮೂಲಕ ಓದುಗರು ಒಬ್ಬರಿಗೊಬ್ಬರು ನೇರವಾಗಿ ಬರೆದುಕೊಳ್ಳತೊಡಗಿದ್ದರಿಂದ ಬಳಗಗಳು ಹುಟ್ಟಿಕೊಂಡವು. ನಮ್ಮ ವಾರಪತ್ರಿಕೆಗಳಲ್ಲಿ ಪತ್ರಮಿತ್ರರನ್ನು ಹುಡುಕಿಕೊಂಡ ತಲೆಮಾರಿನವರಿಗೆ ಇದು ಅಪರಿಚಿತವಾದ ದಾರಿಯೇನಲ್ಲ. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬೆರಳೆಣಿಕೆಯ ಮಂದಿ ಸೇರಿದರು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ಇನ್ನೂರು ಮಂದಿಯ ಮೊದಲ ‘ವಿಶ್ವ’ ಸಮಾವೇಶ ನಡೆಯಿತು. ಆ ವರ್ಷ ಅದೇ ಊರಿನಲ್ಲಿ ವಿಶ್ವ ವಸ್ತುಪ್ರದರ್ಶನ ನಡೆದಿದ್ದರಿಂದ ಸಮಾವೇಶಕ್ಕೂ ಆ ಹೆಸರು ಬಂತು. ಯುದ್ಧದ ಕಾರಣ 1942ರಿಂದ 1945ರವರೆಗೆ ನಿಂತದ್ದನ್ನು ಬಿಟ್ಟರೆ ವರ್ಲ್ಡ್‌ಕಾನ್ ಎಂಬ ಆ ಸಮಾವೇಶ ಇಂದಿಗೂ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತಲೇ ಇದೆ.

ಆ ಇತಿಹಾಸದ ಎರಡು ಸಂಗತಿಗಳು ನಮ್ಮ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿವೆ. ನ್ಯೂಯಾರ್ಕಿನ ಆ ಮೊದಲ ಸಮಾವೇಶದಲ್ಲೇ ಸಂಘಟಕರು ತಮ್ಮೊಡನೆ ಜಗಳವಿದ್ದ ಕೆಲವು ಅಭಿಮಾನಿಗಳನ್ನು ಬಾಗಿಲಲ್ಲಿ ತಡೆದು ಹಿಂದಕ್ಕೆ ಕಳುಹಿಸಿದ್ದರು. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪ್ರಶ್ನೆ ಈ ಸಮಾವೇಶಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ. ಎರಡನೆಯದು, ವರ್ಲ್ಡ್‌ಕಾನ್‌ಗೆ ಹಣ ಕೊಟ್ಟು ಬರುವವರನ್ನು ಪ್ರೇಕ್ಷಕರೆಂದು ಕರೆಯುವ ರೂಢಿಯಿಲ್ಲ, ಅವರು ಸದಸ್ಯರು. ವಿಜ್ಞಾನ ಕಥೆಗಳಿಗೆಂದು 1953ರಲ್ಲಿ ಮೊದಲ ಸಲ ಕೊಟ್ಟ ಹ್ಯೂಗೊ ಪ್ರಶಸ್ತಿಗಳಿಗೆ ಮತ ಹಾಕುವ ಅಧಿಕಾರವೂ ಆ ಸದಸ್ಯರದೇ. ಟಿಕೆಟ್ ಕೊಂಡವರಿಗೆ ಕಾರ್ಯಕ್ರಮ ತೋರಿಸುವುದಕ್ಕೂ, ಸದಸ್ಯರು ತಮ್ಮತಮ್ಮೊಳಗೆ ಕಾರ್ಯಕ್ರಮ ಮಾಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಬರಿಯ ಹೆಸರಿನದೆಂದೇ ನಾನು ಬಹುಕಾಲ ನಂಬಿದ್ದೆ.

ನಮ್ಮ ಬಳಗ ಬೆಳೆದದ್ದು ಮೈಸೂರಿನ ನೆಲದಲ್ಲಿ. ಜೆ.ಆರ್. ಲಕ್ಷ್ಮಣರಾಯರೂ ಜಿ.ಟಿ. ನಾರಾಯಣರಾಯರೂ ವಿಜ್ಞಾನವನ್ನು ಕನ್ನಡದಲ್ಲಿ ಸಲೀಸಾಗಿ ಹೇಳಿಕೊಟ್ಟ ಊರು ಇದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮನೆಯ ಕಪಾಟಿನಲ್ಲಿದ್ದ ಮಕ್ಕಳು ನಾವು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದಾಗ, ಇದು ನಮ್ಮ ಭಾಷೆಯಲ್ಲೂ ಆಗುವ ಕೆಲಸ ಎಂಬ ಧೈರ್ಯ ಬಂತು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಓದುತ್ತಿದ್ದ ಹತ್ತು ಹದಿನೈದು ಜನ, ಕೆಲವು ವರ್ಷಗಳ ಬಳಿಕ ಸರಸ್ವತಿಪುರಂನ ಶಾಲೆಯೊಂದರ ಕೊಠಡಿಗಳನ್ನು ರಜಾ ದಿನಗಳಿಗೆ ಬಾಡಿಗೆ ಹಿಡಿದು ಸಮಾವೇಶ ನಡೆಸುವ ಮಟ್ಟಕ್ಕೆ ಬೆಳೆದೆವು. ಅತಿಥಿಗಳಿಗೆ ಸಂಭಾವನೆಯಿಲ್ಲ, ದುಡಿಯುವವರಿಗೆ ಸಂಬಳವಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ, ಸುತ್ತಲಿನ ಊರುಗಳ ಕಾಲೇಜು ಹೆಣ್ಣುಮಕ್ಕಳು ನೋಂದಣಿ ಮೇಜಿನ ಮುಂದೆ ಕಾಣಿಸಿಕೊಳ್ಳತೊಡಗಿದರು. ಹಿಂದೆಂದೂ ನಮ್ಮಲ್ಲಿಗೆ ಬಾರದಿದ್ದ ಈ ಓದುಗರನ್ನು ಕಂಡು ನಾವು ಹಿಗ್ಗಿದೆವು. ಊಟದ ಹೊತ್ತಿಗೆ ಎದ್ದು ಹೋದವರಲ್ಲಿ ಇವರೇ ಹೆಚ್ಚು.

ಮಂಡ್ಯದ ವಿದ್ಯಾರ್ಥಿನಿಯ ಬೆಳಗು

ನೋಂದಣಿ ಪುಸ್ತಕದಲ್ಲಿದ್ದ ದೂರವಾಣಿ ಸಂಖ್ಯೆಗಳಿಗೆ ನಾನೊಬ್ಬಳೇ ಒಂದು ವಾರ ಕರೆ ಮಾಡಿದೆ. ಹಲವರು ‘ಮನೆಯಲ್ಲಿ ಕೆಲಸವಿತ್ತು’ ಎಂದರು. ಅದು ಸೌಜನ್ಯದ ಮಾತೆಂದು ಇಬ್ಬರಿಗೂ ತಿಳಿದಿತ್ತು. ಮಂಡ್ಯದಲ್ಲಿ ಪದವಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರ ಕೊಟ್ಟಳು. “ಯಾರೂ ಏನೂ ಅನ್ನಲಿಲ್ಲ ಮೇಡಂ. ಅದಕ್ಕೇ ಎದ್ದು ಬಂದ್ಬುಟ್ಟೆ.” ಮೊದಲ ಅರ್ಧ ಕೇಳಿದಾಗ ನನಗೆ ಸಮಾಧಾನವಾಗಿತ್ತು, ಎರಡನೆಯ ಅರ್ಧ ಅರ್ಥವಾಗಲು ಕೆಲವು ದಿನ ಬೇಕಾದವು. ಆಕೆಯ ಒಪ್ಪಿಗೆ ಪಡೆದು, ಆಕೆ ಹೇಳಿದ ಕ್ರಮದಲ್ಲೇ ಆ ಬೆಳಗನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂಬತ್ತೂವರೆಗೆ ಆಕೆ ಗೇಟಿನ ಬಳಿ ಬಂದಳು. ನೋಂದಣಿ ಮೇಜಿನಲ್ಲಿದ್ದ ನಮ್ಮವರು ಹೆಸರು ಬರೆದುಕೊಂಡು, ಕೂಪನ್ ಮತ್ತು ಕಾರ್ಯಕ್ರಮದ ಹಾಳೆ ಕೊಟ್ಟು, ‘ಒಳಗೆ ಕೂತ್ಕೊಳ್ಳಿ’ ಎಂದರು. ಒಳಗೆ ಎಂದರೆ ಯಾವ ಕೊಠಡಿ ಎಂದು ಹಾಳೆಯಲ್ಲಿ ಇರಲಿಲ್ಲ. ಹಳಬರಿಗೆಲ್ಲ ಗೊತ್ತಿದ್ದುದರಿಂದ ಅದನ್ನು ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಾಗ ನಮ್ಮ ಹಿರಿಯ ಸದಸ್ಯರೊಬ್ಬರು ವಿಶ್ವಾಸದಿಂದಲೇ ಹತ್ತಿರ ಬಂದು ‘ನೀವು ಯಾರನ್ನೆಲ್ಲ ಓದಿದ್ದೀರಿ?’ ಎಂದು ವಿಚಾರಿಸಿದರು. ವಾರಪತ್ರಿಕೆಗಳ ವಿಶೇಷಾಂಕದಲ್ಲಿ ಬಂದ ಕಥೆಗಳನ್ನು ಓದಿದ್ದೇನೆ, ಮೊಬೈಲಿನಲ್ಲಿ ಸಿನಿಮಾ ನೋಡಿದ್ದೇನೆ ಎಂದು ಆಕೆ ಹೇಳಿದಳು. ಅವರು ಇಂಗ್ಲಿಷ್ ಲೇಖಕರ ನಾಲ್ಕಾರು ಹೆಸರು ಹೇಳಿ ‘ಅವನ್ನು ಓದಿ, ಆಗ ಇದರ ನಿಜವಾದ ರುಚಿ ಗೊತ್ತಾಗುತ್ತೆ’ ಎಂದು ಸಲಹೆಯಿತ್ತು ಮುಂದೆ ಹೋದರು. ಅವರು ಒಳ್ಳೆಯದನ್ನೇ ಬಯಸಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಷ್ಟು ಹೊತ್ತಿಗೆ ಆಕೆಯ ಮನಸ್ಸಿನಲ್ಲಿ ತಾನು ಪರೀಕ್ಷೆಗೆ ಓದಿಕೊಳ್ಳದೆ ಬಂದವಳು ಎಂಬ ಭಾವ ಬಂದುಬಿಟ್ಟಿತ್ತು.

ಹತ್ತು ಗಂಟೆಯ ಉದ್ಘಾಟನೆ ಹತ್ತೂ ಮುಕ್ಕಾಲಿಗೆ ಆರಂಭವಾಗಿ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಸನ್ಮಾನ ಎಲ್ಲ ಮುಗಿಯುವಾಗ ಹನ್ನೊಂದೂವರೆ ದಾಟಿತ್ತು. ನಡುವೆ ಬಿಡುವು ಕೊಡದೆ ಮೊದಲ ಗೋಷ್ಠಿ. ವಿಷಯ ‘ವಿಜ್ಞಾನ ಕಥೆ: ಇಂದು ಮತ್ತು ನಾಳೆ’. ವೇದಿಕೆಯಲ್ಲಿ ಐದು ಜನ. ಎರಡನೆಯವರು ಮಾತಾಡುತ್ತಿದ್ದಾಗ ಚರ್ಚೆ ಇಂಗ್ಲಿಷಿಗೆ ಜಾರಿತು. ಹಳಬರು ನಕ್ಕಾಗ ಯಾಕೆ ನಕ್ಕರೆಂದು ಆಕೆಗೆ ತಿಳಿಯಲಿಲ್ಲ. ಅದು ಹಿಂದಿನ ವರ್ಷದ ಪ್ರಸಂಗವೊಂದರ ನೆನಪಂತೆ. ‘ಸಮಯದ ಅಭಾವದಿಂದ ಪ್ರಶ್ನೋತ್ತರ ಇಲ್ಲ’ ಎಂದು ನಿರೂಪಕರು ಹೇಳಿದಾಗ ಒಂದು ಗಂಟೆ ಹತ್ತು ನಿಮಿಷ. ಹೊರಗೆ ತಟ್ಟೆಗಳನ್ನು ಹಿಡಿದು ಗುಂಪುಗುಂಪಾಗಿ ನಿಂತವರನ್ನು ಆಕೆ ನೋಡಿದಳು. ಎಲ್ಲ ಗುಂಪುಗಳೂ ಆಗಲೇ ಕೂಡಿಕೊಂಡಿದ್ದವು. ಆಕೆ ಬಸ್ ನಿಲ್ದಾಣಕ್ಕೆ ನಡೆದಳು.

ನಾವು ಮೊದಲು ಕಂಡುಕೊಂಡ ತಪ್ಪು ಕಾರಣ

ಈ ವಿವರವನ್ನು ಸಮಿತಿಯ ಸಭೆಯಲ್ಲಿ ಓದಿದಾಗ ಎಲ್ಲರಿಗೂ ನೋವಾಯಿತು. ಆ ನೋವಿನಲ್ಲೇ ಪರಿಹಾರಗಳು ಬಂದವು: ಹೊಸಬರಿಗೆ ಪ್ರತ್ಯೇಕ ಸ್ವಾಗತ ಸಮಿತಿ ಮಾಡೋಣ, ಗುಲಾಬಿ ಕೊಡೋಣ, ಶನಿವಾರ ಬೆಳಿಗ್ಗೆ ‘ಹೊಸಬರಿಗಾಗಿ’ ಎಂದೇ ಒಂದು ಗಂಟೆಯ ಪರಿಚಯ ಕಾರ್ಯಕ್ರಮ ಇಡೋಣ. ನಾನೂ ಮೊದಲು ತಲೆಯಾಡಿಸಿದೆ. ಆದರೆ ಆಕೆಯ ಮಾತನ್ನು ಮತ್ತೆ ಮತ್ತೆ ಓದಿದಾಗ, ಸ್ವಾಗತದ ಕೊರತೆ ಅದರಲ್ಲಿ ಎಲ್ಲಿಯೂ ಕಾಣಲಿಲ್ಲ. ಉದ್ಘಾಟನೆಯಲ್ಲಿ ‘ಹೊಸದಾಗಿ ಬಂದ ಯುವ ಮಿತ್ರರಿಗೆ’ ವಿಶೇಷ ಸ್ವಾಗತ ಕೋರಿ ಚಪ್ಪಾಳೆ ತಟ್ಟಿಸಿದ್ದೆವು. ಆಕೆಯನ್ನು ಯಾರೂ ಅವಮಾನಿಸಿರಲಿಲ್ಲ. ಆಕೆ ಅಲ್ಲಿದ್ದರೂ ಇಲ್ಲದಿದ್ದರೂ ಏನಾದರೂ ಬದಲಾಗುವಂಥ ಒಂದೇ ಒಂದು ಗಳಿಗೆ ಆ ನಾಲ್ಕು ಗಂಟೆಗಳಲ್ಲಿ ಬರಲಿಲ್ಲ, ಅಷ್ಟೆ. ‘ಯಾರೂ ಏನೂ ಅನ್ನಲಿಲ್ಲ’ ಎಂದರೆ ಅದು.

ಹಾಗಾಗಿ ಹೊಸಬರ ಅನುಭವವನ್ನು ಒಂದು ಸಮಿತಿಗೂ ಕಾರ್ಯಕ್ರಮವನ್ನು ಇನ್ನೊಂದು ಸಮಿತಿಗೂ ಒಪ್ಪಿಸುವುದನ್ನು ನಾನು ವಿರೋಧಿಸಿದೆ. ಎರಡೂ ಒಂದೇ ಪ್ರಶ್ನೆ ಎಂಬುದು ನನ್ನ ವಾದವಾಗಿತ್ತು, ಈಗಲೂ ಅದೇ ಆಗಿದೆ. ಗೋಷ್ಠಿ ಕೆಟ್ಟದಾಗಿದ್ದರೆ ಹಳಬರು ಹೊರಗೆ ಹೋಗಿ ಗೆಳೆಯರೊಡನೆ ಕಾಫಿ ಕುಡಿಯುತ್ತಾರೆ. ಅವರ ದಿನ ಹಾಳಾಗುವುದಿಲ್ಲ. ಹೊಸಬರಿಗೆ ಗೋಷ್ಠಿಯನ್ನು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ನಮ್ಮ ಕಾರ್ಯಕ್ರಮ ಎಷ್ಟು ದುರ್ಬಲವಾಗಿದೆ ಎಂಬುದು ಹಲವು ವರ್ಷ ನಮಗೆ ತಿಳಿಯದೆ ಹೋದದ್ದು, ಪರಸ್ಪರ ಸ್ನೇಹ ಅದನ್ನು ಮುಚ್ಚಿಟ್ಟಿದ್ದರಿಂದ.

ಗೋಷ್ಠಿಯನ್ನು ಬಿಚ್ಚಿ ನೋಡಿದಾಗ

ಗೋಷ್ಠಿ ಎಂಬ ಪದದ ಜೊತೆಗೆ ಅದರ ರೂಪವನ್ನೂ ನಾವು ಸಾಹಿತ್ಯ ಕಾರ್ಯಕ್ರಮಗಳಿಂದ ಹಾಗೆಯೇ ತೆಗೆದುಕೊಂಡಿದ್ದೆವು. ಒಬ್ಬರ ಅಧ್ಯಕ್ಷತೆ, ಒಬ್ಬರ ಆಶಯ ನುಡಿ, ಮೂವರ ಪ್ರಬಂಧ, ಕೊನೆಗೆ ವಂದನಾರ್ಪಣೆ. ಪ್ರಬಂಧಗಳನ್ನು ಕೇಳಲೆಂದೇ ಬಂದ ಅಧ್ಯಾಪಕರ ಸಭೆಗೆ ಇದು ಹೊಂದುತ್ತದೆ. ವಿದೇಶದ ಅಭಿಮಾನಿ ಸಮಾವೇಶಗಳಲ್ಲಿ ಪ್ಯಾನೆಲ್ ಎನ್ನುವುದು ಬೇರೆ ಜಾತಿಯದು: ನಾಲ್ಕೈದು ಮಂದಿ ಮೇಜಿನ ಹಿಂದೆ ಕುಳಿತು, ಮಾಡರೇಟರ್ ಒಬ್ಬರು ಹಾಕುವ ಪ್ರಶ್ನೆಗಳಿಗೆ ಪರಸ್ಪರ ಮಾತಾಡುತ್ತಾರೆ, ಭಾಷಣವಿಲ್ಲ. ಸಾಮಾನ್ಯವಾಗಿ ಐವತ್ತು ನಿಮಿಷ ಮಾತು, ಕೊಠಡಿ ಬದಲಿಸಲು ಹತ್ತು ನಿಮಿಷ. ಭಾಗವಹಿಸುವವರು ಮೊದಲೇ ಒಂದು ಕೊಠಡಿಯಲ್ಲಿ ಸೇರಿ, ಏನನ್ನು ಮಾತಾಡುವುದು ಎಂದು ತಮ್ಮಲ್ಲೇ ತೀರ್ಮಾನಿಸಿಕೊಂಡು ಬರುತ್ತಾರೆ. ನಾವು ಅವರ ಐವತ್ತು ನಿಮಿಷವನ್ನು ಮಾತ್ರ ತಂದು, ಅದರೊಳಗೆ ನಮ್ಮ ಐದು ಭಾಷಣಗಳನ್ನು ತುಂಬಿದ್ದೆವು. ಐದು ಮಂದಿ ತಲಾ ಮೂರು ನಿಮಿಷ ಪೀಠಿಕೆ ಹಾಕಿದರೂ ಹದಿನೈದು ನಿಮಿಷ ಹೋಗುತ್ತದೆ. ಉಳಿದ ಮೂವತ್ತೈದನ್ನು ಐದಕ್ಕೆ ಹಂಚಿದರೆ ಒಬ್ಬರಿಗೆ ಏಳು ನಿಮಿಷ. ಏಳು ನಿಮಿಷದಲ್ಲಿ ಯಾರೂ ಒಂದು ವಿಚಾರವನ್ನು ದಡ ಮುಟ್ಟಿಸಲಾರರು, ಆದ್ದರಿಂದ ಎಲ್ಲರೂ ಹೆಚ್ಚು ತೆಗೆದುಕೊಳ್ಳುತ್ತಾರೆ, ಆದ್ದರಿಂದ ಪ್ರಶ್ನೋತ್ತರ ಸಾಯುತ್ತದೆ. ಸಭಿಕರ ಮಾತು ಸಾಯುವುದು ಯಾರ ದುರುದ್ದೇಶದಿಂದಲೂ ಅಲ್ಲ, ಗಣಿತದಿಂದ.

ವಿಷಯದ ಆಯ್ಕೆ ಇದಕ್ಕಿಂತ ದೊಡ್ಡ ದೋಷ. ‘ಇಂದು ಮತ್ತು ನಾಳೆ’ ಎಂಬ ಶೀರ್ಷಿಕೆಯಡಿ ಮಾತಾಡಲು ಬಹಳ ಓದಿರಬೇಕು, ಕೇಳಲೂ ಬಹಳ ಓದಿರಬೇಕು. ಮರುವರ್ಷ ನಾನು ಒಂದು ನಿಯಮ ಹಾಕಿಕೊಂಡೆ: ಪ್ರತಿ ಗೋಷ್ಠಿಯ ಶೀರ್ಷಿಕೆಯೂ ಪ್ರಶ್ನೆಯಾಗಿರಬೇಕು, ಮತ್ತು ಒಂದೇ ಒಂದು ಪುಸ್ತಕವನ್ನೂ ಓದದವರಿಗೆ ಅದರ ಬಗ್ಗೆ ಒಂದು ಅಭಿಪ್ರಾಯ ಇರಬೇಕು. ಈ ನಿಯಮದ ಅಡಿಯಲ್ಲಿ ಹುಟ್ಟಿದ ಮೊದಲ ಗೋಷ್ಠಿ ಇದು: ‘ಕನ್ನಂಬಾಡಿ ಕಟ್ಟೆಯ ಗೇಟು ತೆರೆಯುವ ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟರೆ, ಆ ಕಥೆಯಲ್ಲಿ ಖಳ ಯಾರು?’ ಗೇಟು ತೆರೆಯುವ ಮುನ್ನ ನೀರಿನ ಮಟ್ಟ ಗರಿಷ್ಠವಾದ 124.80 ಅಡಿಗೆ ಎಷ್ಟು ಹತ್ತಿರವಿದೆ ಎಂದು ಪ್ರತಿ ಮುಂಗಾರಿನಲ್ಲಿ ಪತ್ರಿಕೆ ನೋಡುವ ಜನ ನಮ್ಮವರು. ಮೈಸೂರು, ಮಂಡ್ಯದ ಯಾವ ಮನೆಯಲ್ಲೂ ಇದು ಅಪರಿಚಿತ ಅಂಕಿಯಲ್ಲ. ಗೋಷ್ಠಿಯಲ್ಲಿ ಮೂವರೇ ಇದ್ದರು. ಅವರಲ್ಲೊಬ್ಬರು ಕಥೆಗಾರರು, ಒಬ್ಬರು ಕಂಪ್ಯೂಟರ್ ಎಂಜಿನಿಯರ್, ಒಬ್ಬರು ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್. ವಾರದ ಮೊದಲೇ ಮೂವರನ್ನೂ ಗೋಷ್ಠಿ ನಡೆಸುವ ಸಮನ್ವಯಕಾರರೊಡನೆ ದೂರವಾಣಿಯಲ್ಲಿ ಸೇರಿಸಿ, ಪೀಠಿಕೆ ಬೇಡ, ಪರಿಚಯವನ್ನು ಹಾಳೆಯಲ್ಲಿ ಅಚ್ಚು ಹಾಕಿಸುತ್ತೇವೆ ಎಂದು ಒಪ್ಪಿಸಿದೆವು. ಒಪ್ಪಿಸುವುದು ಸುಲಭವಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ವೇದಿಕೆಯ ಮೇಲೆ ಪರಿಚಯ ಓದದಿರುವುದನ್ನು ಕೆಲವರು ಅಗೌರವವೆಂದು ಭಾವಿಸಿದರು, ಹಿರಿಯರೊಬ್ಬರು ಬರಲಿಲ್ಲ.

ಭಾಷೆಯ ವಿಷಯದಲ್ಲಿ ನಿಯಮ ಮಾಡುವ ಬದಲು ಸಮನ್ವಯಕಾರರಿಗೆ ಒಂದು ಕೆಲಸ ಕೊಟ್ಟೆವು. ಮಾತು ಇಂಗ್ಲಿಷಿಗೆ ಹೊರಳಿದ ಕೂಡಲೇ, ಆಡಿದವರ ಮುಖಕ್ಕೆ ಹೊಡೆದಂತಾಗದ ಹಾಗೆ, ಅದೇ ಮಾತನ್ನು ಕನ್ನಡದಲ್ಲಿ ಪ್ರಶ್ನೆಯಾಗಿ ಹಿಂದಿರುಗಿಸುವುದು. ಮೈಕಿನ ಬಗ್ಗೆ ಮಾತ್ರ ಕಟ್ಟುನಿಟ್ಟು. ‘ನನ್ನ ಧ್ವನಿ ದೊಡ್ಡದಿದೆ, ಮೈಕ್ ಬೇಡ’ ಎನ್ನುವವರಿಗೆ ತಮ್ಮ ಧ್ವನಿ ಕೇಳಿಸುತ್ತದೆ, ಹಿಂದಿನ ಸಾಲಿನಲ್ಲಿ ಶ್ರವಣ ಸಾಧನ ಹಾಕಿಕೊಂಡು ಕುಳಿತವರಿಗೆ ಕೇಳಿಸುವುದಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇರುವ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಆದರೂ ನಮ್ಮ ಸದಸ್ಯರೊಬ್ಬರು ಎರಡು ವರ್ಷ ಏನೂ ಕೇಳಿಸದೆ ಸುಮ್ಮನೆ ಕುಳಿತು ಹೋದದ್ದು ನಮಗೆ ಗೊತ್ತಾದದ್ದು ಆ ನಂತರ.

ಪೃಚ್ಛಕರ ಕುರ್ಚಿ

ಪ್ರಶ್ನೋತ್ತರಕ್ಕೆ ಹದಿನೈದು ನಿಮಿಷ ಮೀಸಲಿಟ್ಟರೆ ಹೊಸಬರು ಮಾತಾಡುತ್ತಾರೆ ಎಂದು ನಂಬುವ ಹಾಗಿರಲಿಲ್ಲ. ಮೈಕ್ ಸಭೆಗೆ ಬಂದೊಡನೆ ಅದನ್ನು ಹಿಡಿಯುವವರು ಯಾರೆಂದು ಇಂಥ ಸಭೆಗಳಿಗೆ ಹೋದವರಿಗೆಲ್ಲ ಗೊತ್ತು. ಇಲ್ಲಿ ನಮಗೆ ದಾರಿ ತೋರಿದ್ದು, ಸಭೆಯಲ್ಲಿ ಹಲವರು ಒಡ್ಡುವ ಸವಾಲುಗಳಿಗೆ ಒಬ್ಬರೇ ಸ್ಥಳದಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನ ಕಲೆ. ಅಷ್ಟಾವಧಾನದಲ್ಲಿ ಅವಧಾನಿ ಒಬ್ಬರಾದರೆ ಪೃಚ್ಛಕರು, ಎಂದರೆ ಪ್ರಶ್ನೆ ಕೇಳುವವರು, ಎಂಟು ಮಂದಿ. ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿಗಳೆಂಬ ಸವಾಲುಗಳನ್ನು ಅವರು ಒಡ್ಡದಿದ್ದರೆ ಅವಧಾನವೇ ಇಲ್ಲ. ಅಪ್ರಸ್ತುತ ಪ್ರಸಂಗಿಗಂತೂ ನಡುನಡುವೆ ಸಂಬಂಧವಿಲ್ಲದ ಪ್ರಶ್ನೆ ಕೇಳುವುದೇ ಧರ್ಮ. ಕೇಳುವವರಿಗೆ ವೇದಿಕೆಯ ಮೇಲೆ ಕುರ್ಚಿ ಕೊಡುವ ಪದ್ಧತಿ ನಮ್ಮಲ್ಲೇ ಇರುವಾಗ ನಾವು ಅದನ್ನು ಬಳಸಿರಲಿಲ್ಲ. ಪ್ರತಿ ಗೋಷ್ಠಿಯಲ್ಲೂ ಒಂದು ಕುರ್ಚಿಯನ್ನು ಮೊದಲ ಸಲ ಬಂದವರಿಗೆ ಕೊಟ್ಟು, ಮೊದಲ ಪ್ರಶ್ನೆಯೂ ನಡುವಿನ ಒಂದು ಪ್ರಶ್ನೆಯೂ ಅವರದೇ ಎಂದು ಗೊತ್ತುಮಾಡಿದೆವು. ಒಪ್ಪಿಗೆಯನ್ನು ಹಿಂದಿನ ವಾರವೇ ಕೇಳುತ್ತಿದ್ದೆವು. ವೇದಿಕೆಯಿಂದ ಹೆಸರು ಕರೆದು ಯಾರನ್ನೂ ಎಬ್ಬಿಸುವುದಿಲ್ಲ ಎಂಬ ಮಾತನ್ನೂ ಕೊಟ್ಟಿದ್ದೆವು.

ಮಂಡ್ಯದ ಆ ವಿದ್ಯಾರ್ಥಿನಿಗೆ ನಾನೇ ಕರೆ ಮಾಡಿ ಕೇಳಿದೆ. ಎರಡು ದಿನ ಯೋಚಿಸಿ, ಗೆಳತಿಯನ್ನು ಜೊತೆಗೆ ಕರೆತರಬಹುದೇ ಎಂದು ವಿಚಾರಿಸಿ, ಒಪ್ಪಿದಳು. ಕನ್ನಂಬಾಡಿಯ ಗೋಷ್ಠಿಯಲ್ಲಿ ಎಂಜಿನಿಯರ್ ಇಬ್ಬರೂ ಯಂತ್ರದ ನ್ಯಾಯಬುದ್ಧಿಯ ಬಗ್ಗೆ ವಿಸ್ತಾರವಾಗಿ ಮಾತಾಡುತ್ತಿದ್ದರು. ಮಳೆಯ ಮುನ್ಸೂಚನೆ, ಎರಡು ರಾಜ್ಯಗಳ ಪಾಲು, ಬೆಂಗಳೂರಿನ ಕುಡಿಯುವ ನೀರು. ತನ್ನ ಸರದಿ ಬಂದಾಗ ಆಕೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು: “ಗೇಟು ತೆಗೀತು ಸರ್, ನಾಲೇಲಿ ನೀರೂ ಬಂತು. ಕೊನೆಭಾಗದ ಗದ್ದೆಗೆ ಮುಟ್ಟಿತೋ ಇಲ್ವೋ ಅಂತ ಆ ಯಂತ್ರಕ್ಕೆ ಯಾರು ಹೇಳ್ತಾರೆ? ನಮ್ಮೂರಲ್ಲಿ ಅದನ್ನ ನೀರುಗಂಟಿ ನೋಡ್ಕೊಂಡು ಬಂದು ಹೇಳ್ತಿದ್ರು.” ಆಕೆಯ ಊರು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿವೃತ್ತ ಎಂಜಿನಿಯರ್ ತಮ್ಮ ಟಿಪ್ಪಣಿಯ ಹಾಳೆಯನ್ನು ಮಡಚಿ ಬದಿಗಿಟ್ಟರು. ಅಲ್ಲಿಂದ ಮುಂದೆ ಗೋಷ್ಠಿ ನಾಲೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯ ಕಥೆಯಾಯಿತು: ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ ರಾತ್ರಿ ಯಾರು ಕಾಯುತ್ತಾರೆ, ಯಂತ್ರಕ್ಕೆ ಸುಳ್ಳು ಹೇಳಲು ಯಾರಿಗೆ ಲಾಭ, ಸುಳ್ಳು ಹೇಳುವ ನೀರುಗಂಟಿ ಖಳನೋ ನಾಯಕನೋ. ಸಭೆಯಲ್ಲಿದ್ದ ಮದ್ದೂರಿನ ರೈತರೊಬ್ಬರು, ಮಗನನ್ನು ಬಿಡಲು ಬಂದು ಹಿಂದೆ ನಿಂತಿದ್ದವರು, ಮುಂದೆ ಬಂದು ಕುಳಿತರು. ನಾನು ಜೋಡಿಸಿದ ಅಷ್ಟೂ ವರ್ಷಗಳ ಗೋಷ್ಠಿಗಳಲ್ಲಿ ವಿಜ್ಞಾನ ಕಥೆ ಏನು ಮಾಡಬಲ್ಲದು ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸಿದ್ದು ಇನ್ನೊಂದಿಲ್ಲ.

ಎಲ್ಲ ಕುರ್ಚಿಗಳಲ್ಲೂ ಹೀಗಾಗಲಿಲ್ಲ. ಮತ್ತೊಂದು ಗೋಷ್ಠಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಮೈಕ್ ಹಿಡಿದು ಮಾತು ಹೊರಡದೆ ನಿಂತುಬಿಟ್ಟ. ಸಮನ್ವಯಕಾರರು ಆತನ ಚೀಟಿಯನ್ನು ಪಡೆದು ತಾವೇ ಓದಿದರು, ಆದರೆ ಆತನ ಮುಖ ನೋಡಿದ ನನಗೆ ಆ ದಿನವಿಡೀ ಸಂಕಟವಾಯಿತು. ಆ ಬಳಿಕ, ಬೇಕೆಂದವರಿಗೆ ಇಬ್ಬರು ಸೇರಿ ಒಂದು ಕುರ್ಚಿ ಹಂಚಿಕೊಳ್ಳುವ, ಅಥವಾ ಪ್ರಶ್ನೆಯನ್ನು ಬರೆದು ಕೊಡುವ ಅವಕಾಶವನ್ನು ಮೊದಲೇ ಹೇಳತೊಡಗಿದೆವು.

ಎಲೆ ಊಟ

ಊಟದ ವ್ಯವಸ್ಥೆಯನ್ನು ನಾವು ಬದಲಿಸಿದ್ದು ಕಾರ್ಯಕ್ರಮದ ಭಾಗವಾಗಿ. ನಿಂತು ತಿನ್ನುವ ಬಫೆಯಲ್ಲಿ ಪ್ರತಿಯೊಬ್ಬರೂ ತಟ್ಟೆ ತುಂಬಿಸಿಕೊಂಡು ತಮಗೆ ಪರಿಚಯವಿರುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಪರಿಚಯವಿಲ್ಲದವರು ಗೋಡೆಯ ಬದಿಗೆ ಸರಿಯುತ್ತಾರೆ. ಪಂಕ್ತಿಯಲ್ಲಿ ಹಾಗಲ್ಲ. ಬಂದ ಕ್ರಮದಲ್ಲಿ ಕೂರಬೇಕು, ಎಡಬಲದವರನ್ನು ಆರಿಸಿಕೊಳ್ಳುವ ಹಾಗಿಲ್ಲ, ಎಲೆ ತೊಳೆದು ಉಪ್ಪಿನಿಂದ ಮಜ್ಜಿಗೆಯವರೆಗೆ ಅರ್ಧ ಗಂಟೆ ಒಟ್ಟಿಗಿರಬೇಕು. ‘ಸಾರು ಇನ್ನೊಂದು ಸಲ ಬರುತ್ತಾ?’ ಎಂದು ಪಕ್ಕದವರನ್ನು ಕೇಳಲು ಯಾರ ಪುಸ್ತಕವನ್ನೂ ಓದಿರಬೇಕಾಗಿಲ್ಲ. ಶಾಲೆಯ ಉದ್ದನೆಯ ಬೆಂಚುಗಳನ್ನು ಜೋಡಿಸಿ ಎರಡು ಪಂಕ್ತಿ ಮಾಡಿದೆವು. ಖರ್ಚು ಸ್ವಲ್ಪ ಏರಿತು, ಸಮಯವೂ ಹೆಚ್ಚು ಹಿಡಿಯಿತು, ಅದಕ್ಕಾಗಿ ಮಧ್ಯಾಹ್ನದ ಒಂದು ಗೋಷ್ಠಿಯನ್ನೇ ಕೈಬಿಟ್ಟೆ. ಆ ಗೋಷ್ಠಿಯನ್ನು ಕೈಬಿಟ್ಟಿದ್ದಕ್ಕೆ ನನಗೆ ಬಂದಷ್ಟು ದೂರುಗಳು ಬೇರಾವುದಕ್ಕೂ ಬಂದಿಲ್ಲ. ಆದರೂ ಅದೇ ಸರಿಯಾದ ನಿರ್ಧಾರವೆಂದು ನಾನು ಈಗಲೂ ಹೇಳುತ್ತೇನೆ.

ಬಡಿಸುವ ಕೆಲಸಕ್ಕೆ ಹೊಸಬರನ್ನು ಕರೆಯಬಾರದು, ಅವರು ಅತಿಥಿಗಳು ಎಂದು ಸಮಿತಿಯಲ್ಲಿ ಬಲವಾದ ಅಭಿಪ್ರಾಯವಿತ್ತು. ಮದುವೆಮನೆಯಲ್ಲಿ ಪಾಯಸದ ಬಕೆಟ್ ಕೈಗೆ ಬಂದವರು ಆ ಕ್ಷಣದಿಂದ ಮನೆಯವರಾಗುವುದನ್ನು ನೋಡಿದವಳಾದ್ದರಿಂದ ನಾನು ಅದನ್ನು ಒಪ್ಪಲಿಲ್ಲ. ಇಷ್ಟವಿದ್ದವರು ಬನ್ನಿ ಎಂದಾಗ ಎರಡನೆಯ ಪಂಕ್ತಿಗೆ ಬಡಿಸಲು ನಿಂತವರಲ್ಲಿ ಅರ್ಧ ಜನ ಅಂದೇ ಮೊದಲ ಸಲ ಬಂದವರು. ಹಳಬರ ಹೆಸರುಗಳನ್ನು ಅವರು ಕಲಿತದ್ದು ಅನ್ನದ ಹೆಡಿಗೆ ಹಿಡಿದು ನಡೆದಾಗ.

ಉಳಿದ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು. ಕಾರ್ಯಕ್ರಮದ ಹಾಳೆಯಲ್ಲಿ ಕೊಠಡಿಗಳ ನಕ್ಷೆ ಬಂತು. ಎದೆಯ ಮೇಲೆ ಧರಿಸುವ ಹೆಸರಿನ ಪಟ್ಟಿಯಲ್ಲಿ ಹೆಸರು ದೊಡ್ಡ ಕನ್ನಡ ಅಕ್ಷರಗಳಲ್ಲಿ, ಹುದ್ದೆಯಿಲ್ಲದೆ, ಊರಿನೊಡನೆ ಬಂತು. ‘ಯಾರನ್ನು ಓದಿದ್ದೀರಿ’ ಎಂಬುದರ ಬದಲು ‘ಇತ್ತೀಚೆಗೆ ಯಾವ ಕಥೆ ನಿಮಗೆ ಹಿಡಿಸಿತು’ ಎಂದು ಕೇಳೋಣವೆಂದು ಹಳಬರಲ್ಲಿ ಕೇಳಿಕೊಂಡೆವು. ಉದ್ಘಾಟನೆ ಹದಿನೈದು ನಿಮಿಷಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರೂ ಇಷ್ಟಪಡುವ ಕಥಾವಾಚನವನ್ನು ಸಂಜೆ ಆರರಿಂದ ಬೆಳಿಗ್ಗೆ ಹನ್ನೊಂದಕ್ಕೆ ತಂದೆವು. ಕತ್ತಲಾಗುವ ಮೊದಲು ಮಂಡ್ಯದ ಬಸ್ಸು ಹತ್ತಬೇಕಾದ ಹೆಣ್ಣುಮಕ್ಕಳಿಗೆ ಆವರೆಗೆ ನಮ್ಮ ಅತ್ಯುತ್ತಮ ಕಾರ್ಯಕ್ರಮ ಸಿಗುವಂತೆಯೇ ಇರಲಿಲ್ಲ.

ಕೈಗೂಡದ್ದು

ಲೇಖಕರೊಬ್ಬರೊಡನೆ ಹತ್ತು ಮಂದಿ ಮೇಜಿನ ಸುತ್ತ ಕುಳಿತು ಮಾತಾಡುವ ಕಾರ್ಯಕ್ರಮವನ್ನು ವಿದೇಶದ ಸಮಾವೇಶಗಳ ಮಾದರಿಯಲ್ಲಿ ಇಟ್ಟೆವು. ಹೊಸಬರಿಗೆ ಇದು ಬಹಳ ಉಪಯೋಗವಾಗುತ್ತದೆಂದು ನಾನು ನಂಬಿದ್ದೆ. ಹೆಸರು ಬರೆಸುವ ಹಾಳೆ ಅಂಟಿಸಿದ ಹತ್ತು ನಿಮಿಷದಲ್ಲಿ ಹಳಬರೇ ಎಲ್ಲ ಜಾಗಗಳನ್ನೂ ತುಂಬಿಬಿಟ್ಟರು, ಏಕೆಂದರೆ ಹಾಳೆ ಎಲ್ಲಿ, ಯಾವಾಗ ಬರುತ್ತದೆಂದು ಗೊತ್ತಿದ್ದವರು ಅವರು ಮಾತ್ರ. ಈಗ ಅರ್ಧ ಜಾಗಗಳನ್ನು ಚೀಟಿ ಎತ್ತುವ ಮೂಲಕ ಕೊಡುತ್ತೇವೆ.

ಮೊದಲ ಸಲ ಬಂದವರ ಹೆಸರಿನ ಪಟ್ಟಿಗೆ ಹಸಿರು ಚುಕ್ಕೆ ಅಂಟಿಸಿದ್ದು ಇನ್ನೊಂದು ತಪ್ಪು. ನಂಜನಗೂಡಿನಿಂದ ಬಂದ ನಿವೃತ್ತ ಶಿಕ್ಷಕರೊಬ್ಬರು, ನಲವತ್ತು ವರ್ಷಗಳಿಂದ ಈ ಕಥೆಗಳನ್ನು ಓದಿದವರು, ಆ ಚುಕ್ಕೆಯ ಕಾರಣಕ್ಕೆ ದಿನವಿಡೀ ನಮ್ಮ ಕಾರ್ಯಕರ್ತರಿಂದ ವಿಜ್ಞಾನ ಕಥೆ ಎಂದರೇನು ಎಂಬ ವಿವರಣೆ ಕೇಳಬೇಕಾಯಿತು. ಸಮಾವೇಶಕ್ಕೆ ಹೊಸಬರು ಎಂದರೆ ಸಾಹಿತ್ಯಕ್ಕೆ ಹೊಸಬರು ಎಂದಲ್ಲ. ನಾವು ಅವರ ಕ್ಷಮೆ ಕೇಳಿದೆವು, ಚುಕ್ಕೆಯನ್ನು ತೆಗೆದುಹಾಕಿದೆವು.

ಹಳಬರ ಅಸಮಾಧಾನವನ್ನು ತಳ್ಳಿಹಾಕುವುದು ನನಗೆ ಸಾಧ್ಯವಿಲ್ಲ. ವರ್ಷವಿಡೀ ಓದಿಕೊಂಡು, ತಮ್ಮಷ್ಟೇ ಓದಿದ ಇನ್ನಿಬ್ಬರೊಡನೆ ಬಿಡುವಿಲ್ಲದೆ ವಾದಿಸಲು ಕಾದಿದ್ದವರಿಗೆ, ಎಲ್ಲ ಗೋಷ್ಠಿಗಳೂ ಎಲ್ಲರಿಗೂ ತೆರೆದಿರಬೇಕೆಂಬ ನನ್ನ ನಿಯಮ ಅನ್ಯಾಯವಾಗಿತ್ತು. ಆ ಆಳವಾದ ವಾದವೇ ಈ ಬಳಗವನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು, ಮತ್ತು ಹೊಸಬರಲ್ಲಿ ಕೆಲವರು ಮುಂದೊಂದು ದಿನ ಬಯಸುವುದೂ ಅದನ್ನೇ. ಈಗ ಸಂಜೆ ಒಂದು ಕೊಠಡಿಯನ್ನು ಅವರಿಗೆ ಬಿಟ್ಟಿದ್ದೇವೆ. ಯಾವ ಪುಸ್ತಕಗಳ ಬಗ್ಗೆ ಚರ್ಚೆ ಎಂಬುದನ್ನು ಮೂರು ತಿಂಗಳು ಮೊದಲೇ ತಿಳಿಸಿ, ಓದಿ ಬಂದ ಯಾರಿಗೂ ಬಾಗಿಲು ತೆರೆದಿಡುತ್ತೇವೆ.

ಬಗೆಹರಿಯದೆ ಉಳಿದಿರುವುದು ಎರಡನೆಯ ವರ್ಷದ ಪ್ರಶ್ನೆ. ಮೊದಲ ಸಲ ಬಂದು ಊಟ ಮಾಡಿ, ಬಡಿಸಿ, ಸಂಜೆಯವರೆಗೆ ಉಳಿದವರಲ್ಲಿ ಹಲವರು ಮರುವರ್ಷ ಬರಲಿಲ್ಲ. ಕಾಲೇಜು ಮುಗಿದು ಬೆಂಗಳೂರಿಗೆ ಕೆಲಸಕ್ಕೆ ಹೋದವರಿದ್ದಾರೆ, ಮದುವೆಯಾದವರಿದ್ದಾರೆ. ಪೃಚ್ಛಕರ ಕುರ್ಚಿ ಒಮ್ಮೆ ಸಿಕ್ಕ ಮೇಲೆ ಮುಂದೇನು ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲದ್ದರಿಂದ ದೂರವಾದವರೂ ಇದ್ದಾರೆ ಎಂಬುದು ನನ್ನ ಅನುಮಾನ. ಮಂಡ್ಯದ ಆ ವಿದ್ಯಾರ್ಥಿನಿಗೆ ಈ ವರ್ಷದ ಭಾನುವಾರದ ಗೋಷ್ಠಿಯೊಂದರ ಸಮನ್ವಯವನ್ನು ಒಪ್ಪಿಸಿದ್ದೇವೆ. ಮೊನ್ನೆ ಕರೆ ಮಾಡಿ, “ಅಕ್ಕ, ಮೂರು ಜನ ಸಾಕು ಅಂದ್ರಲ್ಲ, ನಂಗೆ ಇಬ್ಬರೇ ಸಾಕು. ಇನ್ನೊಂದು ಕುರ್ಚಿನೂ ಕೇಳೋರಿಗೇ ಇರ್ಲಿ” ಎಂದಳು. ಆ ಬದಲಾವಣೆಯನ್ನು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೇನೆ. ಮುಂದಿನ ಸಭೆಯಲ್ಲಿ ಸಮಿತಿಯ ಮುಂದಿಡುತ್ತೇನೆ.